ಮೆಮೊ ಅಂದ್ರ ಮಾರ್ಕ್ಸ್ ಕಾರ್ಡೇ ಏನ್ರಿ ಅಕ್ಕಾರ?

ಇಂಟರ್ ರಿಸಲ್ಟ್ ಬಂತೆಂದರೆ ಕಾಚಿಗೂಡ ಚೌರಸ್ತಾದ ಜೆರಾಕ್ಸ್ ಅಂಗಡಿಗಳಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ನಮ್ಮ ಗಲ್ಲಿಯ ತಾಯಂದಿರ ಕೈಯಲ್ಲಿ ತರಕಾರಿ ಚೀಲದ ಜೊತೆಗೆ ಒಂದು ಪ್ಲಾಸ್ಟಿಕ್ ಫೈಲೂ ಸೇರಿಕೊಳ್ಳುತ್ತದೆ. ಪಕ್ಕದ ಮನೆಯಾಕೆಯ ಹತ್ತಿರ ಈ ಸಲ ಎರಡು ಫೈಲು. ಒಂದು ಇಲ್ಲೇ ನೃಪತುಂಗ ಕಾಲೇಜಿನಲ್ಲಿ ಓದಿ ಇಂಟರ್ ಮುಗಿಸಿದ ಮಗಳದು. ಇನ್ನೊಂದು ಪಕ್ಕದ ಮನೆಯಾಕೆಯ ಅಕ್ಕನ ಮಗನದು. ಅವನು ರಾಯಚೂರಿನಲ್ಲಿ ಪಿಯುಸಿ ಮುಗಿಸಿದ್ದಾನೆ, ಬಿ.ಕಾಂ.ಗೆ ಹೈದರಾಬಾದಿಗೇ ಬರುತ್ತೇನೆಂದು ಹಟ ಹಿಡಿದಿದ್ದಾನೆ. ಮಗಳಿಗೋ ಕರ್ನಾಟಕದಲ್ಲಿ ಓದುವ ಆಸೆ.

ಎರಡೂ ಫೈಲನ್ನು ಕಾಂಪೌಂಡ್ ಗೋಡೆಯ ಮೇಲಿಟ್ಟು ಕೂಗಿದಳು. "ಅಕ್ಕಾರ, ಕಾಲೇಜಿನವರು ಮೆಮೊ ತರ್ರಿ ಅಂತ ಅಂದಾರ. ಹುಡುಗನ ಹಂತೇಕ ಮಾರ್ಕ್ಸ್ ಕಾರ್ಡ್ ಅದ, ಮೆಮೊ ಇಲ್ಲ. ಅದನ್ನ ಎಲ್ಲಿ ಕೊಡ್ತಾರ?"

"ಅದೇ ಇದು ತಂಗಿ. ಅಲ್ಲಿ ಮಾರ್ಕ್ಸ್ ಕಾರ್ಡ್ ಅಂತಾರ, ಇಲ್ಲಿ ಮಾರ್ಕ್ಸ್ ಮೆಮೊ. ಕಾಗದ ಒಂದೇ."

"ಅಯ್ಯ ದೇವರೇ! ಮುಂಜಾನಿಂದ ರಾಯಚೂರಿಗೆ ಫೋನ್ ಮ್ಯಾಲ ಫೋನ್ ಮಾಡ್ಲತ್ತೀನಿ. ಹುಡುಗ ಪಾಪ ಹಳೇ ಕಾಲೇಜಿಗೆ ಹೋಗಿ ಮೆಮೊ ಕೊಡ್ರಿ ಅಂತ ನಿಂತಾನ."

ಅವಳು ನಕ್ಕಳು, ನನಗೆ ನಗು ಬರಲಿಲ್ಲ. ಕಾಲೇಜಿನ ಆಫೀಸಿನಲ್ಲಿ, ಫೀ ಕಟ್ಟುವ ಕಿಟಕಿಯ ಒಳಗೆ ಕೂತು ಸಂಬಳ ತೆಗೆದುಕೊಂಡವಳು ನಾನು. ಒಳ್ಳೇ ಮಾರ್ಕ್ಸ್ ತೆಗೆದ ಮಕ್ಕಳು ಒಂದು ಕಾಗದದ ಹೆಸರು ತಿಳಿಯದೆ ತಾರೀಖು ಮೀರಿಸಿಕೊಂಡು ಆ ಕಿಟಕಿಯಿಂದ ಹಿಂದಿರುಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಪ್ಪ ಅಮ್ಮ ಕಾಲೇಜಿನ ಮೆಟ್ಟಿಲು ಹತ್ತದ ಮನೆಯ ಮಕ್ಕಳೇ ಅವರಲ್ಲಿ ಹೆಚ್ಚು. ಪಾಠ ಹೇಳಲು ಮೇಷ್ಟ್ರಿದ್ದಾರೆ, ಗೈಡ್ ಇದೆ, ಟ್ಯೂಷನ್ ಇದೆ. ಬೋನಫೈಡ್ ಅಂದರೆ ಏನು, ಅದನ್ನು ಯಾರು ಕೊಡುತ್ತಾರೆ, ಎಂದಿನೊಳಗೆ ತೆಗೆದುಕೊಳ್ಳಬೇಕು ಎಂಬುದಕ್ಕೆ ಯಾವ ಪಿರಿಯಡ್ಡೂ ಇಲ್ಲ. ಅದಕ್ಕೇ ಗೋಡೆಯ ಈ ಕಡೆ ಸ್ಟೂಲು ಹಾಕಿಕೊಂಡು ಕೂತೆ. ಆ ಕಡೆ ಅವಳೂ ಮಗಳೂ ಕೂತರು.

ಮೊದಲು ಹುಡುಗನ ಫೈಲು. ಟಿಸಿ ಇತ್ತು. "ಟಿಸಿ ಅದಲ್ರಿ, ಮತ್ತ ಮೈಗ್ರೇಷನ್ ಯಾಕ ಕೇಳ್ತಾರ?" ಅಂದಳು. ಟಿಸಿ ಕೊಡುವುದು ಕಾಲೇಜು. ಈ ಹುಡುಗ ನಮ್ಮಲ್ಲಿ ಓದುತ್ತಿದ್ದ, ಈಗ ಬಿಟ್ಟ, ನಮಗೆ ಬಾಕಿ ಏನಿಲ್ಲ ಅಂತ. ಮೈಗ್ರೇಷನ್ ಕೊಡುವುದು ಕಾಲೇಜಲ್ಲ, ಬೋರ್ಡು ಅಥವಾ ವಿಶ್ವವಿದ್ಯಾಲಯ. ನಮ್ಮ ವ್ಯಾಪ್ತಿಯಿಂದ ಇವನನ್ನು ಬಿಟ್ಟುಕೊಟ್ಟಿದ್ದೇವೆ, ಬೇರೆಯವರು ಸೇರಿಸಿಕೊಳ್ಳಬಹುದು ಅಂತ. ಅದೇ ಬೋರ್ಡಿನಲ್ಲಿ, ಅದೇ ವಿಶ್ವವಿದ್ಯಾಲಯದಲ್ಲಿ ಮುಂದುವರಿದವನಿಗೆ ಮೈಗ್ರೇಷನ್ ಬೇಡ. ಗಡಿ ದಾಟಿದವನಿಗೆ ಬೇಕೇ ಬೇಕು. ರಾಯಚೂರಿನ ಹುಡುಗನಿಗೆ ಅದು ಬೆಂಗಳೂರಿನ ಪರೀಕ್ಷಾ ಮಂಡಲಿಯಿಂದ ಬರಬೇಕು. ಈ ದಿನ ಅರ್ಜಿ ಹಾಕಿ ನಾಳೆ ಕೈಗೆ ಸಿಗುವ ಕಾಗದ ಅದಲ್ಲ. ಅದಕ್ಕೆ ಎಲ್ಲಕ್ಕಿಂತ ಮೊದಲು ಹಾಕಬೇಕಾದ ಅರ್ಜಿ ಅದು, ಎಲ್ಲರೂ ಕೊನೆಗೆ ಹಾಕುತ್ತಾರೆ.

ಮಾರ್ಕ್ಸ್ ಕಾರ್ಡಿನಲ್ಲಿ 'ಪರೀಕ್ಷೆ-2' ಅಂತಿತ್ತು. ಇಲ್ಲಿನ ಕ್ಲರ್ಕ್ ಅದನ್ನು ನೋಡಿ "ಸಪ್ಲಿ ಕ್ಯಾಂಡಿಡೇಟಾ?" ಎಂದು ಕೇಳಿದ್ದನಂತೆ. ಹುಡುಗ ಬೇಜಾರು ಮಾಡಿಕೊಂಡಿದ್ದ. ಕರ್ನಾಟಕದಲ್ಲಿ 2024ರಿಂದ ಸಪ್ಲಿಮೆಂಟರಿ ಎಂಬ ಹೆಸರನ್ನೇ ತೆಗೆದು ಪರೀಕ್ಷೆ-1, ಪರೀಕ್ಷೆ-2 ಎಂದು ಕರೆದರು. ಫೇಲಾದವರಷ್ಟೇ ಅಲ್ಲ, ಪಾಸಾದವರೂ ಮಾರ್ಕ್ಸ್ ಹೆಚ್ಚಿಸಿಕೊಳ್ಳಲು ಬರೆಯಬಹುದು. ತೆಲಂಗಾಣದಲ್ಲಿ ಅಡ್ವಾನ್ಸ್ಡ್ ಸಪ್ಲಿಮೆಂಟರಿ ಎಂಬ ಹೆಸರು ಇನ್ನೂ ಇದೆ. ಹುಡುಗ ಅಂಜಬೇಕಾದ್ದಿಲ್ಲ, ಅದನ್ನು ನೇರ ಹೇಳಿದರೆ ಸಾಕು.

"ಆಮ್ಯಾಲ ಇದೊಂದು ನೋಡ್ರಿ ಅಕ್ಕಾರ," ಎಂದು ಅವಳು ಡಿಗ್ರಿ ಸೀಟಿಗೆ ಹಾಕುವ ದೋಸ್ತ್ ಎಂಬ ಆನ್‌ಲೈನ್ ಅರ್ಜಿಯ ಪ್ರಿಂಟ್ ತೆಗೆದಳು. "ಇಲ್ಲಿ ಲೋಕಲ್ಲಾ ನಾನ್‌ಲೋಕಲ್ಲಾ ಅಂತ ಕೇಳ್ಯಾರ. ನಮ್ಮ ಮನ್ಯಾಗೇ ಇರ್ತಾನ, ಲೋಕಲ್ ಅಂತ ಬರೀಲೇನು?"

ಇಲ್ಲಿ ನಾನು ಕೈ ಅಡ್ಡ ಹಿಡಿದೆ. ಇಡೀ ಫಾರಮಿನಲ್ಲಿ ಬೇರೆ ಯಾವ ತಪ್ಪನ್ನಾದರೂ ತಿದ್ದಬಹುದು, ಇದೊಂದನ್ನು ಮಾತ್ರ ತಿಳಿದೇ ಬರೆಯಬೇಕು. ಲೋಕಲ್ ಅಂದರೆ ಈಗ ಎಲ್ಲಿದ್ದೀರಿ ಅಂತಲ್ಲ, ಎಲ್ಲಿ ಓದಿದಿರಿ ಅಂತ. 1973ರಲ್ಲಿ 32ನೇ ತಿದ್ದುಪಡಿ ಮಾಡಿ ಸಂವಿಧಾನಕ್ಕೆ 371-ಡಿ ಎಂಬ ವಿಧಿ ಸೇರಿಸಿದರು. ಅದರ ಕೆಳಗೆ 1974ರಲ್ಲಿ ರಾಷ್ಟ್ರಪತಿಗಳ ಆದೇಶ ಬಂತು. ನೂರಕ್ಕೆ 85 ಸೀಟು ಲೋಕಲ್ ಮಕ್ಕಳಿಗೆ. ಲೋಕಲ್ ಎನ್ನಿಸಿಕೊಳ್ಳಲು ಇಂಟರ್ ಪರೀಕ್ಷೆಗೆ ಮೊದಲ ಸಲ ಕೂತ ವರ್ಷಕ್ಕೆ ಮುಗಿಯುವಂತೆ ಸತತ ನಾಲ್ಕು ವರ್ಷ ಇಲ್ಲಿ ಓದಿರಬೇಕು ಎನ್ನುವುದು ಅದರ ಮೂಲ ಲೆಕ್ಕ. ಎಲ್ಲಿ ಓದಿದ್ದು ಎಂದು ನೋಡಲೆಂದೇ ಆರನೇ ಕ್ಲಾಸಿನಿಂದ ಇಂಟರ್ ತನಕದ ಬೋನಫೈಡ್, ಅಂದರೆ ಓದಿದ ಶಾಲೆ ಕಾಲೇಜುಗಳು ಕೊಡುವ ಸ್ಟಡಿ ಸರ್ಟಿಫಿಕೇಟ್, ಕೇಳುವುದು. ಹುಡುಗ ಚಿಕ್ಕಮ್ಮನ ಮನೆಯಲ್ಲಿ ಹತ್ತು ತಿಂಗಳು ಊಟ ಮಾಡಿದರೂ ಅವನು ನಾನ್‌ಲೋಕಲ್ಲೇ. ಉಳಿದ 15ರಲ್ಲಿ ಅವನಿಗೆ ಅವಕಾಶ ಇದೆಯೇ ಎಂದು ಆ ವರ್ಷದ ನಿಯಮ ನೋಡಿಕೊಳ್ಳಬೇಕು. ಬೇರೆ ರಾಜ್ಯದ ಬೋರ್ಡಿನವನಾದ್ದರಿಂದ ಹೆಲ್ಪ್‌ಲೈನ್ ಸೆಂಟರಿಗೆ ಹೋಗಿ ಅಸಲು ಕಾಗದ ತೋರಿಸಲೂ ತಯಾರಿರಬೇಕು.

"ಹಂಗಂದ್ರ ನನ್ನ ಮಗಳು ಅಲ್ಲಿ ಹೋದ್ರ?"

ಅಲ್ಲಿಯೂ ಇದೇ ಕತೆ, ಅಕ್ಷರ ಮಾತ್ರ ಬೇರೆ. ಇಲ್ಲಿ ಡಿ, ಅಲ್ಲಿ ಜೆ. 2012ರಲ್ಲಿ 98ನೇ ತಿದ್ದುಪಡಿಯಿಂದ 371-ಜೆ ಬಂತು. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಮಕ್ಕಳಿಗೆ ಆ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70, ರಾಜ್ಯದ ಬೇರೆ ಕಡೆ ನೂರಕ್ಕೆ 8 ಸೀಟು. ಆದರೆ ಅಮ್ಮ ಬೀದರದವಳು, ಅಜ್ಜಿಯ ಮನೆ ಈಗಲೂ ಅಲ್ಲೇ ಇದೆ ಎಂಬ ಮಾತಿಗೆ ಸೀಟು ಕೊಡುವುದಿಲ್ಲ. ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರ ಬೇಕು. ಸಿಇಟಿ ಮೂಲಕ ಇಂಜಿನಿಯರಿಂಗಿನಂಥ ಸರ್ಕಾರಿ ಸೀಟು ಹಿಡಿಯುವುದಾದರೆ ಒಂದನೇ ಇಯತ್ತೆಯಿಂದ ಪಿಯುಸಿ ತನಕ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು ಎನ್ನುವುದು ಅವರ ಮೊದಲ ನಿಯಮ. ಗಡಿನಾಡು ಕನ್ನಡಿಗರಿಗೆ ಬೇರೆ ಕಲಮು ಇದೆ. ಅದು ಕಾಸರಗೋಡು, ಮಂಜೇಶ್ವರ, ಅಕ್ಕಲಕೋಟೆ, ಜತ್ತ ಮುಂತಾದ ಹೆಸರಿಸಿದ ತಾಲೂಕುಗಳಿಗೆ. ಕಾಚಿಗೂಡ ಆ ಪಟ್ಟಿಯಲ್ಲಿಲ್ಲ.

ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ. 1956ರ ನವೆಂಬರ್ 1ರ ತನಕ ಬೀದರ, ಕಲಬುರಗಿ, ರಾಯಚೂರು ಮತ್ತು ಈ ಕಾಚಿಗೂಡ ಒಂದೇ ರಾಜ್ಯದಲ್ಲಿದ್ದವು. 1918ರಲ್ಲಿ ಶುರುವಾದ ಉಸ್ಮಾನಿಯಾವೇ ಆ ಜಿಲ್ಲೆಗಳಿಗೂ ವಿಶ್ವವಿದ್ಯಾಲಯ. ಕಲಬುರಗಿಯ ಇಂಟರ್‌ಮೀಡಿಯೆಟ್ ಕಾಲೇಜು ಉಸ್ಮಾನಿಯಾದ ಕೆಳಗೇ ಇತ್ತು. ಕನ್ನಡದ ವಿದ್ವಾಂಸ ಡಿ.ಕೆ. ಭೀಮಸೇನರಾಯರು ಕನ್ನಡ ಕಲಿಸಿದ್ದು ಇಲ್ಲಿನ ಉಸ್ಮಾನಿಯಾದಲ್ಲೇ. ರಾಯಚೂರಿನ ಹುಡುಗ ಆಗ ಓದಲು ಇಲ್ಲಿಗೆ ಬಂದರೆ ಅವನನ್ನು ಹೊರಗಿನವ ಎನ್ನುವ ಕಾಲಂ ಇರಲಿಲ್ಲ. ಹಿಂದುಳಿದ ಕಡೆಯ ಮಕ್ಕಳಿಗೆ ಸೀಟು ಉಳಿಸಬೇಕೆಂಬುದು ಎರಡೂ ವಿಧಿಗಳ ಉದ್ದೇಶ, ಅದು ನ್ಯಾಯವೇ. ಆದರೆ ನಡುವೆ ನಿಂತ ನಮ್ಮ ಮನೆಗಳ ಮಕ್ಕಳು ಅರ್ಜಿ ಬರೆಯುವಾಗ ಎರಡು ಪಟ್ಟು ಎಚ್ಚರವಾಗಿರಬೇಕು. ಅದನ್ನು ಅವರಿಗೆ ಮೊದಲೇ ಹೇಳುವವರು ಬೇಕು.

ಆಗಿನ ಮಕ್ಕಳ ಪಾಡು ಬೇರೆ ಥರ ಇತ್ತು. ಉಸ್ಮಾನಿಯಾದಲ್ಲಿ ಇಂಗ್ಲಿಷೊಂದನ್ನು ಬಿಟ್ಟು ಗಣಿತ, ವಿಜ್ಞಾನ, ಇತಿಹಾಸ ಎಲ್ಲ ಉರ್ದುವಿನಲ್ಲಿ. ಪುಸ್ತಕ ಬೇಕಲ್ಲ, ಅದಕ್ಕೆ 1917ರಲ್ಲೇ ದಾರುಲ್ ತರ್ಜುಮಾ ಎಂಬ ಅನುವಾದ ಕಚೇರಿ ತೆರೆದು, ವಿದ್ವಾಂಸರನ್ನು ಕೂರಿಸಿ, ಒಂದೊಂದು ಶಾಸ್ತ್ರದ ಶಬ್ದಕ್ಕೂ ಉರ್ದು ಶಬ್ದ ಕಟ್ಟಿಸಿದರು. ಮನೆಯಲ್ಲಿ ಕನ್ನಡ ಆಡುವ ಹುಡುಗ ಅದನ್ನು ಕಲಿತು, ಪಾಸಾಗಿ ಬಂದ. ಆ ಕಾಲದವರ ಸರ್ಟಿಫಿಕೇಟುಗಳು ಇಲ್ಲಿನ ಹಳೇ ಮನೆಗಳ ಟ್ರಂಕಿನಲ್ಲಿ ಇನ್ನೂ ಇವೆ. ಓದಲು ಬರುವವರು ಮನೆಯಲ್ಲಿ ಉಳಿದಿಲ್ಲ. ಕಾಚಿಗೂಡದಲ್ಲಿ ಎಂಎಂಟಿಎಸ್ ಹತ್ತಿದರೆ ವಿದ್ಯಾನಗರ, ಜಾಮಿಯಾ ಉಸ್ಮಾನಿಯಾ, ಆಮೇಲೆ ಆರ್ಟ್ಸ್ ಕಾಲೇಜ್. 1939ರಲ್ಲಿ ತೆರೆದ ಆ ಕಲ್ಲಿನ ಕಟ್ಟಡವನ್ನು ನೋಡಿ ಬರಲು ಹುಡುಗನಿಗೆ ಹೇಳಿದ್ದೇನೆ.

ಮಾತು ಎಲ್ಲಿಗೋ ಹೋಯಿತು. ದೋಸ್ತ್ ವಿಷಯ ಹೇಳಬೇಕಿತ್ತು. 2016ರಿಂದ ತೆಲಂಗಾಣದ ಬಹುತೇಕ ಡಿಗ್ರಿ ಸೀಟು ಈ ಆನ್‌ಲೈನ್ ಪದ್ಧತಿಯಲ್ಲೇ. ಅದರಲ್ಲಿ 'ಸೆಲ್ಫ್ ರಿಪೋರ್ಟಿಂಗ್' ಅಂತೊಂದಿದೆ. ಸೀಟು ಬಂತು ಎಂದು ಮೊಬೈಲಿಗೆ ಮೆಸೇಜ್ ಬಂದ ಕೂಡಲೇ ಮನೆಯವರು ಪೇಢೆ ಹಂಚುತ್ತಾರೆ. ಸೀಟು ಇನ್ನೂ ನಿಮ್ಮದಾಗಿರುವುದಿಲ್ಲ. ಹೇಳಿದ ತಾರೀಖಿನೊಳಗೆ ಮತ್ತೆ ಲಾಗಿನ್ ಆಗಿ ಒಪ್ಪಿದ್ದೇನೆ ಎಂದು ಒತ್ತಬೇಕು. ಇಲ್ಲದಿದ್ದರೆ ಸೀಟು ಹೋಗುತ್ತದೆ. ಆಮೇಲೆ ಕಾಲೇಜಿಗೆ ಖುದ್ದಾಗಿ ಹೋಗುವುದು ಬೇರೆ. ಒಪ್ಪುವುದು ಒಂದು ಕೆಲಸ, ಸೇರುವುದು ಇನ್ನೊಂದು.

ಮಗಳು ಇಷ್ಟು ಹೊತ್ತು ಸುಮ್ಮನಿದ್ದವಳು ಕೇಳಿದಳು. "ದೊಡ್ಡಮ್ಮಾ, ಕ್ರೆಡಿಟ್ ಅಂದ್ರ ಮಾರ್ಕ್ಸೇ ಏನು? ಸೀನಿಯರ್ಸ್ ಎಲ್ಲಾ ಎಸ್‌ಜಿಪಿಎ ಎಸ್‌ಜಿಪಿಎ ಅಂತಾರ, ಕೇಳಿದ್ರ ಯಾರೂ ಬಿಡಿಸಿ ಹೇಳಂಗಿಲ್ಲ."

ಹಳೇ ಕ್ಯಾಲೆಂಡರಿನ ಹಿಂಬದಿ ಹಾಳೆ ತರಿಸಿ ಗೋಡೆಯ ಮೇಲೇ ಲೆಕ್ಕ ಹಾಕಿದೆವು. ಕ್ರೆಡಿಟ್ ಅಂದರೆ ವಿಷಯದ ತೂಕ. ವಾರಕ್ಕೆ ಒಂದು ತಾಸಿನ ಪಾಠ ಸೆಮಿಸ್ಟರ್ ಪೂರ್ತಿ ನಡೆದರೆ ಒಂದು ಕ್ರೆಡಿಟ್. ಪ್ರಾಕ್ಟಿಕಲ್ ಆದರೆ ಎರಡು ತಾಸಿಗೆ ಒಂದು. ಗ್ರೇಡಿಗೆ ಅಂಕ ಬೇರೆ: ಓ ಬಂದರೆ 10, ಎ ಪ್ಲಸ್‌ಗೆ 9, ಎ 8, ಬಿ ಪ್ಲಸ್ 7, ಬಿ 6, ಸಿ 5, ಬರೀ ಪಾಸಾದರೆ 4. ವಿಷಯದ ಕ್ರೆಡಿಟನ್ನು ಗ್ರೇಡಿನ ಅಂಕದಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ಕ್ರೆಡಿಟ್ಟಿನಿಂದ ಭಾಗಿಸಿದರೆ ಆ ಸೆಮಿಸ್ಟರಿನ ಎಸ್‌ಜಿಪಿಎ. ಎಲ್ಲ ಸೆಮಿಸ್ಟರನ್ನೂ ಹೀಗೇ ಸೇರಿಸಿದರೆ ಸಿಜಿಪಿಎ.

ಮೂರು ಮುಖ್ಯ ವಿಷಯ, ತಲಾ 5 ಕ್ರೆಡಿಟ್. ಸಣ್ಣ ಪೇಪರೊಂದು, 2 ಕ್ರೆಡಿಟ್. ಮುಖ್ಯ ವಿಷಯಗಳಲ್ಲಿ ಎ, ಬಿ, ಸಿ ಬಂತು, ಸಣ್ಣದರಲ್ಲಿ ಓ ಬಂತು ಅನ್ನು. 40, 30, 25, 20, ಕೂಡಿಸಿದರೆ 115. ಹದಿನೇಳರಿಂದ ಭಾಗಿಸಿದರೆ 6.76. ಈಗ ಅದೇ ಗ್ರೇಡುಗಳನ್ನು ಅದಲುಬದಲು ಮಾಡು. ಓ ಮುಖ್ಯ ವಿಷಯಕ್ಕೆ ಬರಲಿ, ಸಿ ಸಣ್ಣದಕ್ಕೆ ಹೋಗಲಿ. 40, 30, 50, 10, ಒಟ್ಟು 130. ಭಾಗಿಸಿದರೆ 7.65. ಹುಡುಗಿ ಪೆನ್ಸಿಲ್ ಕಸಿದುಕೊಂಡು ತಾನೇ ಇನ್ನೊಮ್ಮೆ ಮಾಡಿ ನೋಡಿದಳು. ಅವಳ ತಾಯಿ ಪಕ್ಕದಿಂದ, "ಐದು ಕಿಲೋ ಜೋಳದ ರೇಟು ಏರಿದ್ರ ಮನಿ ಖರ್ಚಿಗೆ ತಟ್ತದ, ಛಟಾಕು ಸಾಸಿವಿದು ಏರಿದ್ರ ಏನೂ ಆಗಂಗಿಲ್ಲ, ಹಂಗ ಅನ್ರಿ" ಎಂದಳು. ಇದಕ್ಕಿಂತ ಚೆನ್ನಾಗಿ ಯಾವ ಪ್ರಾಸ್ಪೆಕ್ಟಸ್ಸೂ ಹೇಳಿದ್ದನ್ನು ನಾನು ನೋಡಿಲ್ಲ. ದೊಡ್ಡ ಕ್ರೆಡಿಟ್ಟಿನ ವಿಷಯ ಯಾವುದೆಂದು ಸೆಮಿಸ್ಟರ್ ಶುರುವಾದ ವಾರವೇ ನೋಡಿಕೊಂಡವರು ರಾತ್ರಿ ಓದುವ ವೇಳೆಯನ್ನು ಅದರ ಪ್ರಕಾರ ಹಂಚಿಕೊಳ್ಳುತ್ತಾರೆ. ಈ ಕ್ರೆಡಿಟ್ಟುಗಳನ್ನು ಈಗ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ, ವಿದ್ಯಾರ್ಥಿಯ 12 ಅಂಕಿಯ ಅಪಾರ್ ನಂಬರಿನಲ್ಲಿ ಜಮಾ ಮಾಡುತ್ತಾರೆ. 2021ರ ಯುಜಿಸಿ ನಿಯಮ ಅದು. ಗರಿಷ್ಠ ಏಳು ವರ್ಷ ಅಲ್ಲಿ ಉಳಿಯುತ್ತವೆ. ಮದುವೆಗೋ ನೌಕರಿಗೋ ಓದು ಬಿಟ್ಟ ಹುಡುಗಿ ಮತ್ತೆ ಬಂದು ಮುಂದುವರಿಸಬಹುದು. ಇದು ಹೆಣ್ಣುಮಕ್ಕಳ ಮನೆಗಳಿಗೆ ತಿಳಿದಿರಲೇಬೇಕಾದ ಮಾತು.

ಹಾಜರಾತಿಯ ಮಾತು ಸಣ್ಣದು. ನೂರಕ್ಕೆ 75 ಇರಬೇಕು. 65ರಿಂದ 75ರ ನಡುವೆ ಇದ್ದರೆ ಆಸ್ಪತ್ರೆ ಕಾಗದ ಕೊಟ್ಟು, ಫೀ ಕಟ್ಟಿ ಮನ್ನಾ ಮಾಡಿಸಿಕೊಳ್ಳಬಹುದು, ಅದಕ್ಕೆ ಕಂಡೋನೇಷನ್ ಅಂತಾರೆ. ಅದಕ್ಕೂ ಕೆಳಗಾದರೆ ಡಿಟೇನ್, ಪರೀಕ್ಷೆಗೇ ಕೂರಿಸುವುದಿಲ್ಲ. ಡಿಟೇನ್ ಆಗುವುದೂ ಬ್ಯಾಕ್‌ಲಾಗ್ ಉಳಿಯುವುದೂ ಒಂದೇ ಎಂದು ಬಹಳ ಮಂದಿ ತಿಳಿದಿರುತ್ತಾರೆ. ಬ್ಯಾಕ್‌ಲಾಗ್ ಉಳಿದವನು ಪರೀಕ್ಷೆ ಬರೆದು ಪಾಸಾಗದವನು, ಮುಂದೆ ಬರೆದು ತೀರಿಸಬಹುದು. ಡಿಟೇನ್ ಆದವನು ಆ ಕ್ಲಾಸಿನಲ್ಲೇ ಮತ್ತೆ ಕೂರಬೇಕು.

ರೀಕೌಂಟಿಂಗಿಗೂ ರೀವ್ಯಾಲ್ಯುಯೇಷನ್ನಿಗೂ ಅಂತರವಿದೆ. ಮೊದಲನೆಯದರಲ್ಲಿ ಕೂಡಿಸಿದ್ದು ಸರಿಯೇ ಎಂದಷ್ಟೇ ನೋಡುತ್ತಾರೆ, ಎರಡನೆಯದರಲ್ಲಿ ಇನ್ನೊಬ್ಬರು ಉತ್ತರವನ್ನೇ ಓದುತ್ತಾರೆ. ಉತ್ತರ ಚೆನ್ನಾಗಿ ಬರೆದಿದ್ದೆ ಎಂಬ ಧೈರ್ಯವಿದ್ದವಳು ರೀಕೌಂಟಿಂಗಿಗೆ ದುಡ್ಡು ಕಟ್ಟಿ ಪ್ರಯೋಜನವಿಲ್ಲ. ತಿದ್ದಿದ ಉತ್ತರಪತ್ರಿಕೆ ನೋಡುವ ಹಕ್ಕು ಮಾಹಿತಿ ಹಕ್ಕಿನಡಿ ವಿದ್ಯಾರ್ಥಿಗಿದೆ ಎಂದು ಸುಪ್ರೀಂ ಕೋರ್ಟು 2011ರ ಆಗಸ್ಟಿನಲ್ಲಿ ಸಿಬಿಎಸ್‌ಇ ಪ್ರಕರಣದಲ್ಲಿ ಹೇಳಿದೆ. ಇದನ್ನು ಕೇಳಿ ಹುಡುಗಿಯ ಕಣ್ಣರಳಿತು.

"ಅರ್ಜಿ ಯಾರ ಹೆಸರಿಗೆ ಬರೀಬೇಕು ದೊಡ್ಡಮ್ಮಾ? ಕುಲಪತಿಗೇನು?"

ಇಲ್ಲಿಯೂ ಗಡಿ ಅಡ್ಡ ಬರುತ್ತದೆ. ಕರ್ನಾಟಕದಲ್ಲಿ ರಾಜ್ಯಪಾಲರು ಕುಲಾಧಿಪತಿ, ವೈಸ್ ಚಾನ್ಸೆಲರ್ ಕುಲಪತಿ. ಇಲ್ಲಿನ ತೆಲುಗು ಪೇಪರಿನಲ್ಲಿ ವೈಸ್ ಚಾನ್ಸೆಲರರನ್ನು ಉಪಕುಲಪತಿ ಎಂದು ಬರೆಯುತ್ತಾರೆ. ಪರೀಕ್ಷೆಯ ವಿಷಯಕ್ಕೆ ಅಷ್ಟು ಮೇಲಿನವರ ತನಕ ಹೋಗುವ ಕೆಲಸವೇ ಇಲ್ಲ. ಉಸ್ಮಾನಿಯಾದಲ್ಲಿ ಕಂಟ್ರೋಲರ್ ಆಫ್ ಎಕ್ಸಾಮಿನೇಷನ್ಸ್. ಕರ್ನಾಟಕದಲ್ಲಿ ಕುಲಸಚಿವರು ಇಬ್ಬರು, ಒಬ್ಬರು ಆಡಳಿತಕ್ಕೆ, ಇನ್ನೊಬ್ಬರು ಮೌಲ್ಯಮಾಪನಕ್ಕೆ. ಮಾರ್ಕ್ಸ್ ಕಾರ್ಡಿನ ತಕರಾರು ಆಡಳಿತದ ಕುಲಸಚಿವರ ಟೇಬಲ್ಲಿಗೆ ಹೋದರೆ ಅದು ಅಲ್ಲಿಂದ ಇನ್ನೊಂದು ಕಟ್ಟಡಕ್ಕೆ ಹೋಗಿ ಮುಟ್ಟುವ ತನಕ ಕಾಯಬೇಕು. ಅಟಾನಮಸ್ ಕಾಲೇಜಾದರೆ ಪ್ರಶ್ನೆಪತ್ರಿಕೆ, ಪರೀಕ್ಷೆ, ರಿಸಲ್ಟ್ ಎಲ್ಲ ಕಾಲೇಜಿನದೇ, ಪದವಿಯ ಕಾಗದ ಮಾತ್ರ ವಿಶ್ವವಿದ್ಯಾಲಯದ್ದು. ಅಂಥ ಕಡೆ ಸೇರಿದವಳು ವಿಶ್ವವಿದ್ಯಾಲಯದ ವೆಬ್‌ಸೈಟ್ ನೋಡುತ್ತಾ ಕೂತರೆ ಪರೀಕ್ಷಾ ಫೀ ತಾರೀಖು ದಾಟಿ ಹೋಗುತ್ತದೆ. ಕಾಲೇಜಿನ ನೋಟೀಸ್ ಬೋರ್ಡೇ ನೋಡಬೇಕು.

ಕತ್ತಲಾಗುತ್ತಾ ಬಂತು. ಅವಳು ಒಳಗೆ ಹೋಗಿ ಕುಕ್ಕರ್ ಇಟ್ಟು ಮತ್ತೆ ಬಂದು, ದನಿ ತಗ್ಗಿಸಿ ಕೇಳಿದಳು. "ಅಕ್ಕಾರ, ಇಲ್ಲಿ ಒಂದು ಕಾಲೇಜಿಗೆ ಫೀ ಕಟ್ಟಿ ಇಟ್ಟೀವಿ. ಅಲ್ಲಿ ಸೀಟ್ ಸಿಕ್ಕರ ರೊಕ್ಕ ವಾಪಸ್ ಕೊಡ್ತಾರೇನು? ಅಸಲು ಕಾಗದ ಎಲ್ಲಾ ಅವರ ಹಂತೇಕೇ ಅವ."

2018ರ ಅಕ್ಟೋಬರಿನಲ್ಲಿ ಯುಜಿಸಿ ಇದಕ್ಕೇ ಒಂದು ಅಧಿಸೂಚನೆ ಹೊರಡಿಸಿತು. ಅಸಲು ಸರ್ಟಿಫಿಕೇಟುಗಳನ್ನು ಕಾಲೇಜಿನವರು ಎದುರಿಗೇ ನೋಡಿ ಅಲ್ಲೇ ವಾಪಸ್ ಕೊಡಬೇಕು, ಇಟ್ಟುಕೊಂಡು ಕಟ್ಟಿಹಾಕುವಂತಿಲ್ಲ. ಫೀ ವಾಪಸಾತಿಗೆ ಮೆಟ್ಟಿಲುಗಳಿವೆ. ಪ್ರವೇಶದ ಕೊನೆಯ ತಾರೀಖಿಗೆ ಹದಿನೈದು ದಿನ ಇರುವಾಗಲೇ ಬಿಟ್ಟರೆ ಪೂರ್ತಿ, ಸಣ್ಣ ಖರ್ಚು ಮುರಿದುಕೊಂಡು. ಅದಕ್ಕಿಂತ ಹತ್ತಿರವಾದರೆ ನೂರಕ್ಕೆ 90. ಕೊನೆಯ ತಾರೀಖು ಮುಗಿದು ಹದಿನೈದು ದಿನದೊಳಗಾದರೆ 80, ಮೂವತ್ತರೊಳಗಾದರೆ 50, ಆಮೇಲೆ ಏನೂ ಇಲ್ಲ. ಬಾಯಿಮಾತಿನಲ್ಲಿ ಬಿಡುತ್ತೇವೆ ಅಂದರೆ ತಾರೀಖಿಗೆ ಸಾಕ್ಷಿ ಇರುವುದಿಲ್ಲ. ಲಿಖಿತ ಅರ್ಜಿ ಕೊಟ್ಟು, ನಕಲಿನ ಮೇಲೆ ಸ್ವೀಕರಿಸಿದ ಸೀಲು ಹಾಕಿಸಿಕೊಳ್ಳಬೇಕು. ಅವಳು ಫೀ ರಸೀದಿಯ ಹಿಂದೆ 15, 15, 30 ಎಂದು ಬರೆದುಕೊಂಡಳು.

ಅಷ್ಟರಲ್ಲಿ ರಾಯಚೂರಿನ ಹುಡುಗನ ಫೋನ್. ಗೋಡೆಯಾಚೆಯಿಂದ ನನಗೇ ಕೊಟ್ಟಳು. ಪೆನ್ನು ತಗೊ, ಬರ್ಕೋ ಅಂದೆ. ಮೊದಲು ಮೈಗ್ರೇಷನ್ನಿಗೆ ಅರ್ಜಿ, ಈ ದಿನವೇ. ಆರನೇ ಕ್ಲಾಸಿನಿಂದ ಸ್ಟಡಿ ಸರ್ಟಿಫಿಕೇಟ್, ಶಾಲೆ ಬದಲಾಗಿದ್ದರೆ ಎರಡೂ ಕಡೆಯಿಂದ. ಟಿಸಿಯಲ್ಲಿ ನಿನ್ನ ಹೆಸರು, ಅಪ್ಪನ ಹೆಸರು, ಹುಟ್ಟಿದ ತಾರೀಖು ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿದ್ದಂತೆಯೇ ಇವೆಯಾ ನೋಡು, ಒಂದು ಇನಿಶಿಯಲ್ ತಪ್ಪಿದ್ದರೂ ಅಲ್ಲೇ ತಿದ್ದಿಸು, ಇಲ್ಲಿಗೆ ಬಂದ ಮೇಲೆ ತಿದ್ದಿಸಲು ಮತ್ತೆ ರಾಯಚೂರಿಗೇ ಹೋಗಬೇಕು. ಎಲ್ಲದಕ್ಕೂ ಎರಡೆರಡು ಸೆಟ್ ಜೆರಾಕ್ಸ್.

"ದೊಡ್ಡಮ್ಮಾ, ಸರ್ಟಿಫಿಕೇಟ್ ಕನ್ನಡದಾಗ ಬರೆದು ಕೊಟ್ಟಾರ. ಅಲ್ಲಿ ನಡೀತದೇನು?"

"ಕನ್ನಡದ್ದೂ ಇರಲಿ. ಅದೇ ಹೆಡ್‌ಮಾಸ್ಟರ ಹತ್ತಿರ ಇಂಗ್ಲಿಷಿನಾಗ ಒಂದು ಬರೆಸ್ಕೊಂಡು ಬಾ. ಇಸವಿ, ಕ್ಲಾಸು, ಸಹಿ, ಸೀಲು, ತಾರೀಖು, ಐದೂ ಇರಬೇಕು. ನಾಳೆ ಶನಿವಾರ, ಮುಂಜಾನೆ ಸಾಲಿ ಇರ್ತದ, ಹತ್ತೂವರಿ ಒಳಗ ಹೋಗು."